ಸಂತೆ ಹಿಡಿದು ಊರು ನೋಡಿದ್ದು: ಮ್ಯೂನಿಕ್‌ನಲ್ಲಿ ಅಮ್ಮ ಮತ್ತು ನಾನು

ನನ್ನ ತಮ್ಮ ಜರ್ಮನಿಯ ಮ್ಯೂನಿಕ್‌ನಲ್ಲಿ ಸಂಸಾರ ಹೂಡಿ ಬಹಳ ವರ್ಷಗಳಾದವು. "ಅಮ್ಮನನ್ನು ಕರೆದುಕೊಂಡು ಬಾ ಅಕ್ಕ" ಎಂದು ಪ್ರತಿ ವರ್ಷವೂ ಕರೆಯುತ್ತಿದ್ದ. ಒಂದು ಬೇಸಿಗೆಯಲ್ಲಿ ಹೊರಟೇಬಿಟ್ಟೆವು. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ತಮ್ಮ ಮತ್ತು ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗ ಪ್ರಾಥಮಿಕ ಶಾಲೆಯಲ್ಲಿದ್ದಾನೆ. ಅಂದರೆ ವಾರದ ಐದು ದಿನ ಊರು ಸುತ್ತುವುದು ನಮ್ಮ ನಮ್ಮದೇ ಜವಾಬ್ದಾರಿ. ಅದನ್ನು ನಾವು ಹೇಗೆ ಮಾಡಿಕೊಂಡೆವು ಎಂಬುದನ್ನು ಬರೆಯುತ್ತಿದ್ದೇನೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಮಕ್ಕಳ ಮನೆಗೋ ತಮ್ಮ ತಂಗಿಯರ ಮನೆಗೋ ಹೋಗುವವರು ಈಗ ಜಾಸ್ತಿ. ಅವರಿಗೆ ಉಪಯೋಗಕ್ಕೆ ಬರಲಿ.

ನಾವು ಮಾಡಿದ್ದು ಇಷ್ಟೇ. ಪ್ರತಿ ಸಲ ಹೊರಟಾಗಲೂ ಒಂದು ಮಾರುಕಟ್ಟೆ, ಅದರ ಹತ್ತಿರವೇ ಇರುವ ಒಂದೋ ಎರಡೋ ನೋಡುವ ಜಾಗ. ಅದಕ್ಕಿಂತ ಹೆಚ್ಚಿಲ್ಲ. ಅಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಜೀವಮಾನವಿಡೀ ತರಕಾರಿ ಕೊಂಡವರು. ಅರಮನೆ, ಚರ್ಚು ಎಂದರೆ "ನೀನು ನೋಡ್ಕೊಂಡು ಬಾ, ನಾನಿಲ್ಲೇ ಕೂತಿರ್ತೀನಿ" ಎನ್ನುತ್ತಾರೆ. ತರಕಾರಿ ಅಂಗಡಿ ಎಂದರೆ ನನಗಿಂತ ಮುಂದೆ ನಡೆಯುತ್ತಾರೆ. ಮಾರುಕಟ್ಟೆ ಅವರನ್ನು ಮನೆಯಿಂದ ಹೊರಡಿಸುತ್ತಿತ್ತು, ಉಳಿದದ್ದನ್ನೆಲ್ಲ ದಾರಿಯಲ್ಲೇ ನೋಡುತ್ತಿದ್ದೆವು.

ಮೊದಲು ಹೊರಡುವ ಸಿದ್ಧತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಷೆಂಗೆನ್ ವೀಸಾದಲ್ಲಿ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಇದೊಂದೇ ವೀಸಾ) ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕು. ವಯಸ್ಸಾದವರಿಗೆ ಮೊದಲೇ ಇರುವ ಕಾಯಿಲೆಗಳನ್ನು ಆ ವಿಮೆ ಒಳಗೊಳ್ಳುತ್ತದೆಯೇ ಎಂದು ಓದಿ ನೋಡಿ ಕೊಳ್ಳಬೇಕು. ಎಲ್ಲಕ್ಕಿಂತ ಅಗ್ಗದ್ದು ಎಂದು ಆರಿಸಬೇಡಿ. ಅಮ್ಮನಿಗೆ ಸ್ವಂತ ಆದಾಯ ಕಡಿಮೆ ಇದ್ದುದರಿಂದ ತಮ್ಮ ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ, ಇವರ ಖರ್ಚಿನ ಹೊಣೆ ನನ್ನದು ಎಂಬ ಅಧಿಕೃತ ಪತ್ರ ಮಾಡಿಸಿ ಕಳಿಸಿದ. ಅದರ ಮೂಲ ಪ್ರತಿಯೇ ಬೇಕಾಗುತ್ತದೆ, ಅಂಚೆಗೆ ಸಮಯ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಮ್ಯೂನಿಕ್‌ಗೆ 2023ರ ನವೆಂಬರ್‌ನಿಂದ ನೇರ ವಿಮಾನವಿದೆ. ನಡುವೆ ಎಲ್ಲೂ ಇಳಿದು ಹತ್ತುವ ಗೋಜಿಲ್ಲದೆ ಹೋಗುವುದು ವಯಸ್ಸಾದವರಿಗೆ ಎಷ್ಟು ದೊಡ್ಡ ನೆಮ್ಮದಿ ಎಂದು ಕರೆದುಕೊಂಡು ಹೋದವರಿಗೇ ಗೊತ್ತು.

ಸಾಮಾನು ಕಟ್ಟುವಾಗ ನಮ್ಮಲ್ಲಿ ಎಲ್ಲರೂ ತಿಂಡಿ ತುಂಬುತ್ತೇವೆ. ಯುರೋಪ್ ಒಕ್ಕೂಟದ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಹಾಗಾಗಿ ಮನೆಯ ತುಪ್ಪ, ಪೇಡ ಬೇಡ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮಾವಿನಹಣ್ಣು, ಕರಿಬೇವು ಎರಡೂ ಇದರಲ್ಲಿ ಬರುತ್ತವೆ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರಕ್ಕೆ ಮಾತ್ರ ಆ ಪತ್ರ ಬೇಡ. ಅಮ್ಮ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಅವಲಕ್ಕಿ, ಒಣ ಮೆಣಸಿನಕಾಯಿ ಒಯ್ದರು. ಔಷಧಿಯನ್ನು ಇರುವಷ್ಟು ದಿನಕ್ಕೂ ಸಾಲುವಷ್ಟು, ವೈದ್ಯರ ಚೀಟಿಯ ಸಮೇತ ಇಟ್ಟುಕೊಳ್ಳಿ. ಅಲ್ಲಿನ ಔಷಧಿ ಅಂಗಡಿಯಲ್ಲಿ ಅಲ್ಲಿನ ವೈದ್ಯರ ಚೀಟಿ ಇಲ್ಲದೆ ಬಿ.ಪಿ. ಮಾತ್ರೆ ಸಿಗುವುದಿಲ್ಲ.

ಹೋದ ಮೇಲೆ ಮೊದಲು ಕಲಿತದ್ದು ಟಿಕೆಟ್ ಕೊಳ್ಳುವುದು. ಮ್ಯೂನಿಕ್‌ನಲ್ಲಿ ನೆಲದಡಿಯ ರೈಲು, ನಗರ ರೈಲು, ಟ್ರಾಮ್, ಬಸ್ಸು ಎಲ್ಲಕ್ಕೂ ಒಂದೇ ಟಿಕೆಟ್. ಊರಿನ ಒಳಭಾಗ ಪೂರ್ತಿ 'ಎಂ' ವಲಯ. ಒಂದು ದಿನದ ಟಿಕೆಟ್ ಕೊಂಡರೆ ಮಾರನೆಯ ಬೆಳಿಗ್ಗೆ ಆರರವರೆಗೆ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಗುಂಪಿನ ದಿನದ ಟಿಕೆಟ್ ಐದು ಜನ ದೊಡ್ಡವರಿಗೆ ಸಾಲುತ್ತದೆ. ಮನೆಮಂದಿ ಎಲ್ಲ ಹೊರಟಾಗ ಅದೇ ಲಾಭ. ನಿಲ್ದಾಣದಲ್ಲಿ ತಡೆಯುವ ಗೇಟು ಇರುವುದಿಲ್ಲ. ಆದರೆ ತಪಾಸಣೆಯವರು ಸಾಮಾನ್ಯ ಉಡುಪಿನಲ್ಲೇ ಬರುತ್ತಾರೆ, ಟಿಕೆಟ್ ಇಲ್ಲದಿದ್ದರೆ 60 ಯೂರೋ ದಂಡ. ಕೆಲವು ಟಿಕೆಟ್‌ಗಳನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಬಾಗಿಲಲ್ಲಿರುವ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಇದನ್ನು ತಮ್ಮನ ಮಗ ನಮಗೆ ಕಲಿಸಿಕೊಟ್ಟ. "ಅತ್ತೆ, ಮುದ್ರೆ ಬೀಳದಿದ್ರೆ ಟಿಕೆಟ್ ಇಲ್ಲದ ಹಾಗೇ" ಎಂದು ಗಂಭೀರವಾಗಿ ಹೇಳಿದ. ಹೊರಡುವ ಮೊದಲು ಯಾವ ನಿಲ್ದಾಣದಲ್ಲಿ ಲಿಫ್ಟ್ ಯಾವ ತುದಿಯಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದೆ. ಮಂಡಿ ನೋವಿನವರ ಜೊತೆ ಹೋಗುವವರಿಗೆ ಇದೇ ದೊಡ್ಡ ಕೆಲಸ.

ಈಗ ವಿಕ್ಟುವಾಲಿಯನ್‌ಮಾರ್ಕ್ಟ್ ಎಂಬ ಸಂತೆ. ಇದು ಊರಿನ ನಟ್ಟನಡುವೆ ಇದೆ. ಪುರಭವನದ ಮುಂದಿನ ಮರಿಯೆನ್‌ಪ್ಲಾಟ್ಸ್ ಚೌಕದಿಂದ ಐದು ನಿಮಿಷದ ನಡಿಗೆ. ಹಿಂದೆ ಸಂತೆ ಆ ಚೌಕದಲ್ಲೇ ಸೇರುತ್ತಿತ್ತಂತೆ. ದವಸದ ವ್ಯಾಪಾರವೂ ಅಲ್ಲೇ. ಊರು ಬೆಳೆದು ಜಾಗ ಸಾಲದಾದಾಗ, 1807ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಜೋಸೆಫ್ ಸಂತೆಯನ್ನು ಈಗಿನ ಜಾಗಕ್ಕೆ ಎಬ್ಬಿಸಿದ. ಹತ್ತಿರದ ಧರ್ಮಾಸ್ಪತ್ರೆಯ ಕಟ್ಟಡಗಳನ್ನು ಕೆಡವಿ ಜಾಗ ಬಿಡಿಸಿದರು. ಈಗ ಅಲ್ಲಿ ನೂರಕ್ಕೂ ಮಿಕ್ಕಿ ಅಂಗಡಿಗಳಿವೆ. ತರಕಾರಿ, ಹಣ್ಣು, ಹೂವು, ಚೀಸು, ಜೇನುತುಪ್ಪ, ಬ್ರೆಡ್ಡು, ಮಸಾಲೆ, ಮೀನು, ಮಾಂಸ, ಒಣಹೂವಿನ ಹಾರ. ನಡುವೆ ಬಿಳಿ ನೀಲಿ ಪಟ್ಟಿಯ ಎತ್ತರದ ಕಂಬ. ಅದರ ಮೇಲೆ ಊರಿನ ಕಸುಬುಗಳ ಬೊಂಬೆಗಳು. ಸುತ್ತ ಚೆಸ್ಟ್‌ನಟ್ ಮರಗಳ ನೆರಳು, ಮರದಡಿ ಬೆಂಚು. ಅಮ್ಮನಿಗೆ ಕೂತು ಸುಧಾರಿಸಿಕೊಳ್ಳಲು ಇಷ್ಟು ಬೆಂಚು ಬೇರೆಲ್ಲೂ ಸಿಗಲಿಲ್ಲ.

ಇಲ್ಲಿ ಒಂದು ಶಿಸ್ತು ಇದೆ. ತರಕಾರಿ, ಹಣ್ಣನ್ನು ನಾವು ಮುಟ್ಟುವಂತಿಲ್ಲ. ಬೆಂಡೆಕಾಯಿಯ ತುದಿ ಮುರಿದು, ಬದನೆಕಾಯಿ ಒತ್ತಿ ನೋಡಿ ಆರಿಸುವ ನಮ್ಮ ಹೆಂಗಸರಿಗೆ ಇದು ಮೊದಲು ಕೈ ಕಟ್ಟಿಹಾಕಿದ ಹಾಗೆ ಅನಿಸುತ್ತದೆ. ಆದರೆ ಅಂಗಡಿಯವರಿಗೆ ಹೇಳಿದರೆ ಅವರೇ ಆರಿಸಿ ಕೊಡುತ್ತಾರೆ. "ಇವತ್ತು ತಿನ್ನುವುದಾ, ಎರಡು ದಿನ ಬಿಟ್ಟಾ?" ಎಂದು ಕೇಳುತ್ತಾರೆ. ಅದಕ್ಕೆ ತಕ್ಕ ಹಾಗೆ ಹಣ್ಣು ಒತ್ತಿ ನೋಡಿ ಕೊಡುತ್ತಾರೆ. ನಾನು ಇದನ್ನು ಕೆಲವು ಜರ್ಮನ್ ಮಾತು ಕಲಿತು ಕೇಳಲು ಶುರು ಮಾಡಿದೆ. ಅಂಗಡಿಯ ಮುಂದೆ ನಿಂತ ತಕ್ಷಣ "ಗ್ರೂಸ್ ಗೊಟ್" ಎನ್ನಬೇಕು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನಮಸ್ಕಾರಕ್ಕೆ ಹಾಗೇ ಹೇಳುವುದು. ಅದನ್ನು ಹೇಳದೆ ನೇರ ಬೆಲೆ ಕೇಳುವುದು ಒರಟು. ಅಮ್ಮ ಇದನ್ನು ನನಗಿಂತ ಬೇಗ ಕಲಿತರು. ಅರ್ಧ ಕಿಲೋಗೆ ಅಲ್ಲಿ 'ಫುಂಡ್' ಎಂದೇ ಕೇಳುವುದು. ಬೆಲೆಯ ಚೀಟಿಯನ್ನು ಗಮನಿಸಿ ಓದಿ. ಕೆಲವು ಕಿಲೋಗೆ, ಕೆಲವು ನೂರು ಗ್ರಾಂಗೆ, ಕೆಲವು ಒಂದೊಂದಕ್ಕೆ. ಚೀಸ್, ಅಣಬೆ ಮುಂತಾದವುಗಳ ಚೀಟಿಯಲ್ಲಿ ನೂರು ಗ್ರಾಂ ಬೆಲೆ ಇರುವುದೇ ಜಾಸ್ತಿ. ಚೌಕಾಸಿ ನಡೆಯುವುದಿಲ್ಲ. ಚಿಲ್ಲರೆ ಹಣ ಇಟ್ಟುಕೊಂಡೇ ಹೋಗಿ, ಎಲ್ಲ ಕಡೆ ಕಾರ್ಡು ನಡೆಯುತ್ತದೆ ಎಂದು ನಂಬಿಕೊಳ್ಳಬೇಡಿ.

ಅಮ್ಮನಿಗೆ ಅಲ್ಲಿ ಎಷ್ಟೊಂದು ಪರಿಚಿತ ಮುಖಗಳು ಸಿಕ್ಕವು! ನವಿಲುಕೋಸು ರಾಶಿ ರಾಶಿ. ಜರ್ಮನ್ನರಿಗೆ ಅದು ಬಲು ಪ್ರೀತಿಯ ತರಕಾರಿ, ಕೋಲ್‌ರಾಬಿ ಎನ್ನುತ್ತಾರೆ. ಗಡ್ಡೆ ಕೊಟ್ಟು ಸೊಪ್ಪು ಕಿತ್ತು ಬಿಸಾಡುವುದು ಅಲ್ಲಿನ ರೂಢಿ. ಅಂಗಡಿಯಾಕೆ ಎಲೆ ಕೀಳಲೇ ಎಂದು ಸನ್ನೆ ಮಾಡಿದಾಗ ಅಮ್ಮ ಜೋರಾಗಿ ತಲೆಯಾಡಿಸಿ ಬೇಡ ಎಂದರು. ಎಳೆ ಸೊಪ್ಪಿನ ಪಲ್ಯ ಆಯಿತು ಅವತ್ತು. ಆಮೇಲೆ ಅವರ ಬಳಿ ಹೋದಾಗಲೆಲ್ಲ ಆಕೆ ಬೇರೆಯವರು ಬಿಟ್ಟುಹೋದ ಎಲೆಯನ್ನೂ ಚೀಲಕ್ಕೆ ಹಾಕಿ ಕೊಡುತ್ತಿದ್ದರು. ಸಬ್ಬಸಿಗೆ ಸೊಪ್ಪೂ ಸಿಕ್ಕಿತು. ಅಲ್ಲಿ ಅದನ್ನು ಮೀನು, ಸೌತೆಕಾಯಿ ಜೊತೆ ಬಳಸುತ್ತಾರೆ. ನಾವು ಅಕ್ಕಿ ರೊಟ್ಟಿಗೆ ಹಾಕಿದೆವು. ಕೆಂಪು ಮೂಲಂಗಿ, ಬಿಳಿ ಮೂಲಂಗಿ, ಬೀಟ್‌ರೂಟು, ಎಲೆಕೋಸು, ಬಗೆಬಗೆಯ ಆಲೂಗಡ್ಡೆ. ಬೇಯಿಸಿದರೆ ಗಟ್ಟಿಯಾಗಿ ಉಳಿಯುವ ಆಲೂಗಡ್ಡೆ ಬೇರೆ, ಹಿಟ್ಟಾಗುವ ಆಲೂಗಡ್ಡೆ ಬೇರೆ ಎಂದು ಅಲ್ಲಿ ಬರೆದೇ ಮಾರುತ್ತಾರೆ. ದೋಸೆಯ ಪಲ್ಯಕ್ಕೆ ಹಿಟ್ಟಾಗುವುದೇ ಚೆನ್ನ.

ನಾವು ಹೋದದ್ದು ಏಪ್ರಿಲ್ ಕೊನೆಗೆ. ಅದು ಶ್ಪಾರ್ಗೆಲ್ ಕಾಲ, ಅಂದರೆ ಬಿಳಿ ಆಸ್ಪರಗಸ್. ನಮ್ಮ ಶತಾವರಿಯ ಜಾತಿಯದೇ ಗಿಡ. ಮಣ್ಣನ್ನು ದಿಬ್ಬ ಮಾಡಿ ಅದರೊಳಗೇ ಬೆಳೆಸುತ್ತಾರೆ. ಬಿಸಿಲು ಬೀಳದ ಕಾರಣ ಕಾಂಡ ಬೆಳ್ಳಗೆ ಉಳಿಯುತ್ತದೆ. ತುದಿ ಮಣ್ಣಿನಿಂದ ಹೊರಗೆ ಇಣುಕುವ ಮೊದಲೇ ಒಂದೊಂದನ್ನೂ ಕೈಯಿಂದ ಕತ್ತರಿಸಿ ತೆಗೆಯಬೇಕು, ಅದಕ್ಕೇ ಬೆಲೆ ಜಾಸ್ತಿ. ಮ್ಯೂನಿಕ್‌ಗೆ ಉತ್ತರದಲ್ಲಿರುವ ಶ್ರೋಬೆನ್‌ಹೌಸೆನ್ ಕಡೆಯದು ಹೆಸರುವಾಸಿ. ದಪ್ಪ, ನೇರ ಇರುವವು ಮೊದಲ ದರ್ಜೆ. ಮುರಿದವು, ಸಣ್ಣವು ಅಗ್ಗ, ನಮ್ಮ ಅಡುಗೆಗೆ ಅವೇ ಸಾಕು. ತುದಿ ಬಿಟ್ಟು ಕೆಳಗಿನವರೆಗೆ ಸಿಪ್ಪೆ ಹೆರೆಯಬೇಕು, ಇಲ್ಲದಿದ್ದರೆ ನಾರು. ತಮ್ಮನ ಹೆಂಡತಿ ಅಲ್ಲಿನವರ ಹಾಗೆ ಬೇಯಿಸಿ ಬೆಣ್ಣೆ, ಆಲೂಗಡ್ಡೆ ಜೊತೆ ಬಡಿಸಿದಳು. ಅಮ್ಮ ಮಾರನೆಯ ದಿನ ಸಣ್ಣಗೆ ಹೆಚ್ಚಿ, ಸಾಸಿವೆ ಇಂಗಿನ ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿ ಪಲ್ಯ ಮಾಡಿದರು. ಎರಡೂ ಚೆನ್ನಾಗಿದ್ದವು. ಜೂನ್ 24, ಸಂತ ಯೋಹಾನರ ಹಬ್ಬದ ದಿನ, ಕೊಯ್ಲು ನಿಲ್ಲಿಸುತ್ತಾರೆ. ಗಿಡ ಮುಂದಿನ ವರ್ಷಕ್ಕೆ ಚೇತರಿಸಿಕೊಳ್ಳಲಿ ಎಂದು. ಇಷ್ಟು ಬೇಡಿಕೆ ಇರುವ ಬೆಳೆಗೂ ಒಂದು ದಿನ ಗೊತ್ತುಮಾಡಿ ಸಾಕು ಎನ್ನುತ್ತಾರಲ್ಲ, ಅದು ನನಗೆ ತುಂಬಾ ಹಿಡಿಸಿತು.

ಸಸ್ಯಾಹಾರಿಗಳು ತಿನ್ನುವ ವಿಷಯದಲ್ಲಿ ಸ್ವಲ್ಪ ಕೇಳಿಕೊಳ್ಳಬೇಕು. ಬ್ರೆಟ್ಸನ್ ಎಂಬ ಗಂಟುಹಾಕಿದ ಉಪ್ಪಿನ ಬ್ರೆಡ್ಡು ಎಲ್ಲ ಕಡೆ ಸಿಗುತ್ತದೆ, ಬಿಸಿಯಾಗಿದ್ದಾಗ ಬಹಳ ರುಚಿ. ಆದರೆ ಕೆಲವರು ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುತ್ತಾರೆ. ಒಬಾಟ್ಸ್‌ಡ ಎಂಬ ಚೀಸ್ ಮತ್ತು ಬೆಣ್ಣೆಯ ಕೆನೆಯಂಥ ಮೆದು ಮಿಶ್ರಣಕ್ಕೆ ಕೆಲವೊಮ್ಮೆ ಸ್ವಲ್ಪ ಬಿಯರ್ ಬೀಳುತ್ತದೆ. ಕೆಲವು ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ. ತರಕಾರಿ ಸೂಪಿಗೂ ಮಾಂಸದ ರಸ ಇರಬಹುದು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಸರಿಯಾಗಿ ತಿಳಿಸಿದರು. ಅಮ್ಮನಿಗಾಗಿ ನಾನು ಪ್ರತಿ ಸಲವೂ ಕೇಳುತ್ತಿದ್ದೆ.

ಮಾರುಕಟ್ಟೆಯೊಳಗೆ ಅಲ್ಲಲ್ಲಿ ಕಾರಂಜಿಗಳಿವೆ. ಮೇಲೆ ನಿಂತಿರುವವರು ರಾಜರಲ್ಲ. ಕಾರ್ಲ್ ವಾಲೆಂಟಿನ್, ಲೀಸ್ಲ್ ಕಾರ್ಲ್‌ಸ್ಟಾಟ್ ಮುಂತಾದ ಊರಿನ ಹಾಸ್ಯ ಕಲಾವಿದರು, ಹಾಡುಗಾರರು. ಅವರ ಕಂಚಿನ ಕೈಗೆ ಜನ ತಾಜಾ ಹೂವು ಸಿಕ್ಕಿಸಿ ಹೋಗುತ್ತಾರೆ. ಜನರನ್ನು ನಗಿಸಿದವರನ್ನು ತರಕಾರಿ ಸಂತೆಯ ನಡುವೆ ನಿಲ್ಲಿಸಿದ್ದಾರಲ್ಲ, ಆ ಊರಿನ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

ಮಾರುಕಟ್ಟೆಯ ಪಕ್ಕದಲ್ಲೇ ನೋಡುವ ಜಾಗಗಳು ಒತ್ತಾಗಿವೆ. ಮರಿಯೆನ್‌ಪ್ಲಾಟ್ಸ್‌ನ ಹೊಸ ಪುರಭವನವನ್ನು 1867ರಿಂದ 1908ರವರೆಗೆ ಕಟ್ಟಿದರು. ಗೋಪುರ 85 ಮೀಟರ್. ದಿನಾ ಬೆಳಿಗ್ಗೆ 11ಕ್ಕೆ, ಮಧ್ಯಾಹ್ನ 12ಕ್ಕೆ, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 5ಕ್ಕೂ ಅಲ್ಲಿ ಗ್ಲೊಕೆನ್‌ಶ್ಪೀಲ್, ಅಂದರೆ ಗಂಟೆ ಬಾರಿಸುತ್ತಾ ಬೊಂಬೆ ಕುಣಿಸುವ ಯಂತ್ರ, ನುಡಿಯುತ್ತದೆ. ಬಾರಿಸುವ ಗಂಟೆಗಳು 43, ಬೊಂಬೆಗಳು 32. ಮೇಲಿನ ಅಂತಸ್ತಿನಲ್ಲಿ 1568ರ ಒಂದು ರಾಜಮನೆತನದ ಮದುವೆಯ ಸಂಭ್ರಮ, ಕುದುರೆ ಸವಾರರ ಕಾಳಗ. ಕೆಳಗೆ ಪೀಪಾಯಿ ಮಾಡುವವರ ಕುಣಿತ. ಪ್ಲೇಗಿನ ಭಯಕ್ಕೆ ಮನೆ ಸೇರಿದ್ದ ಜನರನ್ನು ಈ ಕಸುಬಿನವರು ಬೀದಿಯಲ್ಲಿ ಕುಣಿದು ಹೊರಗೆ ಕರೆದರು ಎಂಬ ಕಥೆ ಇದೆ. ಈಗಲೂ ಏಳು ವರ್ಷಕ್ಕೊಮ್ಮೆ ನಿಜವಾದ ಜನ ಆ ಕುಣಿತ ಮಾಡುತ್ತಾರೆ. ಕೊನೆಗೆ ಚಿನ್ನದ ಬಣ್ಣದ ಹುಂಜ ಕೂಗುತ್ತದೆ. ಚೌಕದ ನಡುವೆ ನಿಂತರೆ ಕತ್ತು ನೋಯುತ್ತದೆ, ಗುಂಪೂ ಜಾಸ್ತಿ. ಎದುರು ಬದಿಯ ಕಟ್ಟಡಗಳಿಗೆ ಒತ್ತಿ ನಿಂತರೆ ಚೆನ್ನಾಗಿ ಕಾಣುತ್ತದೆ. ನಾವು 11ಕ್ಕೆ ಬೊಂಬೆ ನೋಡಿ ಆಮೇಲೆ ಸಂತೆಗೆ ಹೋಗುತ್ತಿದ್ದೆವು. ಬೆಳಿಗ್ಗೆ ರೈಲುಗಳ ನೂಕುನುಗ್ಗಲು ಅಷ್ಟು ಹೊತ್ತಿಗೆ ತಗ್ಗಿರುತ್ತದೆ.

ಪುರಭವನದ ಗೋಪುರಕ್ಕೆ ಲಿಫ್ಟ್ ಇದೆ, ಇದನ್ನು ಮಂಡಿ ನೋವಿನವರು ನೆನಪಿಡಿ. ಅಮ್ಮ ಅಲ್ಲಿಂದಲೇ ಊರಿನ ಕೆಂಪು ಹೆಂಚುಗಳನ್ನು ನೋಡಿದರು. ನಾನು ಇನ್ನೊಂದು ದಿನ ಒಬ್ಬಳೇ ಆಲ್ಟರ್ ಪೀಟರ್ ಚರ್ಚಿನ ಗೋಪುರ ಹತ್ತಿದೆ. 306 ಮೆಟ್ಟಿಲು, ಮೇಲೆ ಇಕ್ಕಟ್ಟಾದ ಜಗುಲಿ. ಅಲ್ಲಿಂದ ಇಡೀ ಸಂತೆಯೇ ಕಾಲಡಿ ಕಾಣುತ್ತದೆ. ಆಕಾಶ ತಿಳಿಯಾಗಿದ್ದರೆ ದಕ್ಷಿಣಕ್ಕೆ ಆಲ್ಪ್ಸ್ ಬೆಟ್ಟಗಳೂ ಕಾಣುತ್ತವೆ. ಎದುರಿಗೆ ಫ್ರಾವೆನ್‌ಕಿರ್ಶೆಯ ಅವಳಿ ಗೋಪುರಗಳು. ಇಟ್ಟಿಗೆಯ ಆ ಚರ್ಚನ್ನು 1468ರಲ್ಲಿ ಶುರು ಮಾಡಿ ಇಪ್ಪತ್ತು ವರ್ಷದಲ್ಲಿ ಕಟ್ಟಿದರು. ಗೋಪುರಗಳು ಸುಮಾರು 99 ಮೀಟರ್. 2004ರಲ್ಲಿ ಊರಿನ ಜನ ಮತ ಹಾಕಿ, ಅದಕ್ಕಿಂತ ಎತ್ತರದ ಕಟ್ಟಡ ಬೇಡ ಎಂದರು. ಎರಡನೆಯ ಮಹಾಯುದ್ಧದಲ್ಲಿ ಹಳೆಯ ಊರಿನ ಬಹುಪಾಲು ಬಾಂಬಿಗೆ ನೆಲಸಮವಾಗಿತ್ತು. ಈಗ ನೋಡುವುದರಲ್ಲಿ ಬಹಳಷ್ಟು ಹಳೆಯ ನಕ್ಷೆ ಹಿಡಿದು ಮತ್ತೆ ಕಟ್ಟಿದ್ದು. ಮೇಲಿನಿಂದ ನೋಡುವಾಗ ಇದನ್ನು ತಿಳಿದುಕೊಂಡು ನೋಡಬೇಕು.

ಶನಿವಾರಗಳನ್ನು ಮನೆಮಂದಿಯ ಜೊತೆ ಹೊರಡಲು ಇಟ್ಟುಕೊಂಡಿದ್ದೆವು. ಎಲ್ಲ ವಾರಾಂತ್ಯವನ್ನೂ ನಮ್ಮನ್ನು ಸುತ್ತಿಸಲು ತಮ್ಮ ಖರ್ಚು ಮಾಡಬಾರದು ಎಂದು ಮೊದಲೇ ಹೇಳಿದ್ದೆ. ಅವರಿಗೂ ವಾರದ ಬಟ್ಟೆ, ಸಾಮಾನು, ಮಗನ ಓದು ಇರುತ್ತದೆ ಅಲ್ವಾ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸಂತೆಯೂ ಇಲ್ಲ. ಬವೇರಿಯಾದಲ್ಲಿ ಉಳಿದ ದಿನಗಳಲ್ಲೂ ಸಾಮಾನ್ಯವಾಗಿ ರಾತ್ರಿ ಎಂಟಕ್ಕೆ ಅಂಗಡಿ ಮುಚ್ಚಬೇಕು. ಹಾಗಾಗಿ ಶನಿವಾರವೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಿ. ಶನಿವಾರದ ಇನ್ನೊಂದು ಕೆಲಸ ಖಾಲಿ ಬಾಟಲಿ ವಾಪಸು ಕೊಡುವುದು. ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಬಾಟಲಿ, ಪಾನೀಯದ ಡಬ್ಬಿಗೆ ಕೊಳ್ಳುವಾಗಲೇ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೊಟ್ಟರೆ ಹಣ. ಮೊಮ್ಮಗ ಬಾಟಲಿ ಎತ್ತಿ ಕೊಡುವುದು, ಅಜ್ಜಿ ಯಂತ್ರಕ್ಕೆ ಹಾಕುವುದು. ಆ ಹಣಕ್ಕೆ ಇಬ್ಬರೂ ಸ್ಟ್ರಾಬೆರಿ ಕೊಂಡು ತರುತ್ತಿದ್ದರು. ಅಂದ ಹಾಗೆ, ಕುಡಿಯುವ ನೀರಿಗೆ ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ. ಮ್ಯೂನಿಕ್‌ನ ನಲ್ಲಿಗೆ ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ 1883ರಿಂದ ನೀರು ಬರುತ್ತಿದೆ. ಮನೆಯಿಂದ ತುಂಬಿಕೊಂಡು ಹೋಗಿ.

ಶ್ವಾಬಿಂಗ್ ಬಡಾವಣೆಯ ಎಲಿಜಬೆತ್‌ಮಾರ್ಕ್ಟ್ ಚಿಕ್ಕದು. ಸುತ್ತಮುತ್ತಲಿನ ಮನೆಯವರೇ ಬರುವ ಸಂತೆ. ಅಲ್ಲಿಂದ ವಿಶ್ವವಿದ್ಯಾಲಯದ ಕಡೆಗೆ ನಡೆದು ಹೋದೆವು. ಮುಖ್ಯ ಕಟ್ಟಡದ ಮುಂದೆ ನೆಲದಲ್ಲಿ ಕರಪತ್ರಗಳು ಚೆಲ್ಲಿದಂತೆ ಕಾಣುತ್ತವೆ. ಬಗ್ಗಿ ನೋಡಿದರೆ ಅವು ಕಲ್ಲಿನ ನಡುವೆ ಹುದುಗಿಸಿದ್ದು. ಹಿಟ್ಲರನ ವಿರುದ್ಧ ಬರೆದು ಹಂಚುತ್ತಿದ್ದ ಹಾನ್ಸ್ ಶೋಲ್ ಮತ್ತು ಅವನ ತಂಗಿ ಸೋಫಿ ಶೋಲ್ 1943ರ ಫೆಬ್ರುವರಿ 18ರಂದು ಈ ಕಟ್ಟಡದಲ್ಲಿ ಕರಪತ್ರ ಹರಡುವಾಗ ಸಿಕ್ಕಿಬಿದ್ದರು. ನಾಲ್ಕೇ ದಿನಕ್ಕೆ ಇಬ್ಬರ ತಲೆ ಕಡಿದರು. ಸೋಫಿಗೆ ಇಪ್ಪತ್ತೊಂದು ವರ್ಷ. ಅಮ್ಮನಿಗೆ ಇದನ್ನು ಹೇಳಿದೆ. "ಆ ತಾಯಿ ಹೇಗೆ ತಡ್ಕೊಂಡಳೋ" ಎಂದರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.

ಅಲ್ಲಿಂದ ಎಂಗ್ಲಿಷರ್ ಗಾರ್ಟನ್ ಉದ್ಯಾನ ಹತ್ತಿರ. 1789ರಲ್ಲಿ ಶುರುವಾದದ್ದು. ಈಗ ಸುಮಾರು 375 ಹೆಕ್ಟೇರ್, ಅಂದರೆ ಒಂಬೈನೂರು ಎಕರೆ ದಾಟುತ್ತದೆ. ನಮ್ಮ ಲಾಲ್‌ಬಾಗ್ 240 ಎಕರೆ ಎಂದು ನೆನೆದರೆ ಅಳತೆ ಗೊತ್ತಾಗುತ್ತದೆ. ಒಳಗೆ ಐದು ಹಂತದ ಮರದ ಚೀನೀ ಗೋಪುರ, ಅದರ ಸುತ್ತ ಏಳು ಸಾವಿರ ಜನ ಕೂರುವಷ್ಟು ಬೆಂಚುಗಳ ಬಿಯರ್ ತೋಟ. ಬಿಯರ್ ತೋಟ ಎಂದಾಗ ಅಮ್ಮ ಹಿಂಜರಿದರು. ಆದರೆ ಅದು ಮನೆಮಂದಿಯೆಲ್ಲ ಬಂದು ಕೂರುವ ಜಾಗ, ಅಜ್ಜ ಅಜ್ಜಿ, ಕೈಗೂಸು ಎಲ್ಲ. ಇಲ್ಲೊಂದು ಹಳೆಯ ಹಕ್ಕು ಇದೆ, ಅದು ನಮಗೆ ತುಂಬಾ ಅನುಕೂಲವಾಯಿತು. ಬಿಯರ್ ತೋಟಕ್ಕೆ ಮನೆಯಿಂದ ಊಟ ಕಟ್ಟಿಕೊಂಡು ಹೋಗಬಹುದು. ಹಿಂದೆ ಬಿಯರ್ ತಯಾರಿಸುವವರು ನೆಲಮಾಳಿಗೆಯಲ್ಲಿ ಪೀಪಾಯಿ ಇಟ್ಟು, ಮೇಲೆ ತಂಪಿಗೆ ಚೆಸ್ಟ್‌ನಟ್ ಮರ ಬೆಳೆಸುತ್ತಿದ್ದರು. ಆ ಮರದಡಿಯೇ ಮಾರಲು ಶುರು ಮಾಡಿದಾಗ ಊಟದ ಅಂಗಡಿಯವರು ತಕರಾರು ತೆಗೆದರು. 1812ರಲ್ಲಿ ಅದೇ ಮ್ಯಾಕ್ಸಿಮಿಲಿಯನ್ ಜೋಸೆಫ್ ರಾಜ, ಬಿಯರ್ ಮಾರಿ, ಬ್ರೆಡ್ಡು ಬಿಟ್ಟು ಬೇರೆ ಊಟ ಮಾರಬೇಡಿ ಎಂದು ತೀರ್ಪು ಕೊಟ್ಟ. ಜನ ಬುತ್ತಿ ತರುವ ರೂಢಿ ಹಾಗೆ ಬೆಳೆಯಿತು. ಈಗ ಅಲ್ಲೇ ಊಟ ಮಾರಿದರೂ ಬುತ್ತಿಯ ಹಕ್ಕು ಉಳಿದಿದೆ. ಮೇಜಿಗೆ ಬಟ್ಟೆ ಹಾಸದ, ನಾವೇ ಹೋಗಿ ತಂದುಕೊಳ್ಳುವ ಭಾಗದಲ್ಲಿ ಕೂರಬೇಕು. ಕುಡಿಯುವುದನ್ನು ಮಾತ್ರ ಅವರಲ್ಲೇ ಕೊಳ್ಳಬೇಕು. ನಾವು ಸೋಡ ಬೆರೆಸಿದ ಸೇಬಿನ ರಸ ತಂದುಕೊಂಡು, ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ ಬಿಚ್ಚಿದೆವು. ಅದೇ ಉದ್ದನೆಯ ಮೇಜಿನಲ್ಲಿ ಕೂತಿದ್ದ ದಂಪತಿಗಳು ಮೂಲಂಗಿಯನ್ನು ಸುರುಳಿಯಾಗಿ ಕತ್ತರಿಸಿ ಉಪ್ಪು ಹಚ್ಚುತ್ತಿದ್ದರು. ಅವರು ನಮಗೆ ಮೂಲಂಗಿ ಕೊಟ್ಟರು, ಅಮ್ಮ ಅವರಿಗೆ ಚಿತ್ರಾನ್ನ ಬಡಿಸಿದರು. ಅವತ್ತು ಅಮ್ಮ ಮಾತಾಡಿದ್ದೆಲ್ಲ ಕನ್ನಡದಲ್ಲೇ, ಏನೂ ಕೊರತೆಯಾಗಲಿಲ್ಲ.

ದಾಖಾವ್‌ಗೆ ಹೋಗಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ. ಹಿಟ್ಲರನ ಪಕ್ಷದವರಾದ ನಾತ್ಸಿಗಳು 1933ರ ಮಾರ್ಚ್‌ನಲ್ಲಿ ತೆರೆದ ಸೆರೆ ಶಿಬಿರ ಅದು. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿ ಕೂಡಿಹಾಕಿದ್ದರು, ನಲವತ್ತೊಂದು ಸಾವಿರಕ್ಕೂ ಹೆಚ್ಚು ಜನ ಸತ್ತರು. ತಮ್ಮನ ಮಗನನ್ನು ಕರೆದೊಯ್ಯಲಿಲ್ಲ, ಚಿಕ್ಕ ಮಕ್ಕಳಿಗಲ್ಲ ಅದು. ಅಮ್ಮ ತಾವೇ ಬರುತ್ತೇನೆಂದರು, ಕಾರಣ ನೂರ್ ಇನಾಯತ್ ಖಾನ್. ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳು. ನಾತ್ಸಿಗಳ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ ಬ್ರಿಟಿಷರ ಪರವಾಗಿ ಗುಟ್ಟಾಗಿ ರೇಡಿಯೊ ಸಂದೇಶ ಕಳಿಸುತ್ತಿದ್ದವರು. ಸಿಕ್ಕಿಬಿದ್ದ ಮೇಲೂ ಬಾಯಿ ಬಿಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ದಾಖಾವ್‌ನಲ್ಲಿ ಅವರನ್ನೂ ಇನ್ನೂ ಮೂವರು ಹೆಂಗಸರನ್ನೂ ಕೊಂದರು. ಹೆಣ ಸುಡುತ್ತಿದ್ದ ಕಟ್ಟಡದ ಬಳಿ ನಾಲ್ವರ ಹೆಸರಿನ ಫಲಕವಿದೆ. ಶ್ರೀರಂಗಪಟ್ಟಣದ ಪಕ್ಕದ ಊರಿನಿಂದ ಬಂದ ನಾವು ಅಲ್ಲಿ ನಿಂತು ಆ ಹೆಸರು ಓದಿದೆವು. ಮ್ಯೂನಿಕ್‌ಗೆ ಹೋಗುವ ಕನ್ನಡಿಗರು ಇದನ್ನು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಸ್2 ರೈಲಿನಲ್ಲಿ ದಾಖಾವ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ 726 ನಂಬರಿನ ಬಸ್ಸು. ಪ್ರವೇಶಕ್ಕೆ ಹಣವಿಲ್ಲ. ಊರೊಳಗಿನ 'ಎಂ' ವಲಯದ ಟಿಕೆಟ್ ಸಾಲದು, ಒಂದನೇ ವಲಯವೂ ಸೇರಿದ ಟಿಕೆಟ್ ಬೇಕು. ಜಾಗ ವಿಶಾಲ, ಬಯಲು, ಕೂರಲು ಜಾಗ ಕಡಿಮೆ. ನೀರು, ಟೋಪಿ ಇಟ್ಟುಕೊಳ್ಳಿ. ಆ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ, ಸಂತೆಯನ್ನೂ ಕೂಡ.

ಅಮ್ಮ ಎಲ್ಲಕ್ಕಿಂತ ಜಾಸ್ತಿ ಖುಷಿಪಟ್ಟದ್ದು ಔವರ್ ಡುಲ್ಟ್ ಜಾತ್ರೆಯಲ್ಲಿ. ಮರಿಯಾಹಿಲ್ಫ್ ಚರ್ಚಿನ ಸುತ್ತ ವರ್ಷಕ್ಕೆ ಮೂರು ಸಲ, ಒಂಬತ್ತು ಒಂಬತ್ತು ದಿನ ನಡೆಯುತ್ತದೆ. ಮೇ ತಿಂಗಳ ಆಸುಪಾಸು ಒಂದು, ಬೇಸಿಗೆಯ ನಡುವೆ ಒಂದು, ಅಕ್ಟೋಬರ್‌ನಲ್ಲಿ ಒಂದು. ಪಿಂಗಾಣಿ, ಮಣ್ಣಿನ ಪಾತ್ರೆಗಳ ಸಾಲು ಸಾಲು ಅಂಗಡಿ. ಮರದ ಸೌಟು, ಬಗೆಬಗೆಯ ಬ್ರಷ್ಷು, ತರಕಾರಿ ಹೆಚ್ಚುವ ಸಲಕರಣೆ. ಅದನ್ನು ಮಾರುವವರು ಕ್ಯಾರೆಟ್ಟು, ಎಲೆಕೋಸು ಹೆಚ್ಚಿ ರಾಶಿ ಹಾಕುತ್ತಾ ಒಂದೇ ಸಮನೆ ಮಾತಾಡುತ್ತಾರೆ. ಅಮ್ಮ ಮುಂದಿನ ಸಾಲಿನಲ್ಲೇ ನಿಂತು ಪೂರ್ತಿ ನೋಡಿದರು. ಹಳೆಯ ಸಾಮಾನಿನ ಅಂಗಡಿಗಳೂ ಇವೆ, ಅಲ್ಲಿ ಮಾತ್ರ ಸ್ವಲ್ಪ ಬೆಲೆ ಮಾತಾಡಬಹುದು. ಮಕ್ಕಳಿಗೆ ತಿರುಗುವ ಕುದುರೆ ಇದೆ. ಹತ್ತಿರದಲ್ಲೇ, ಈಸಾರ್ ನದಿಯ ನಡುಗಡ್ಡೆಯ ಮೇಲೆ ಡಾಯ್ಚೆಸ್ ಮ್ಯೂಸಿಯಂ. 1903ರಲ್ಲಿ ಸ್ಥಾಪನೆಯಾದ ವಿಜ್ಞಾನ ಮತ್ತು ತಂತ್ರಜ್ಞಾನದ ಸಂಗ್ರಹಾಲಯ. ತಮ್ಮ ಮಗನನ್ನು ಕರೆದುಕೊಂಡು ಅದಕ್ಕೆ ಹೋದ. ನಾವಿಬ್ಬರೂ ಜಾತ್ರೆಯಲ್ಲೇ ಉಳಿದೆವು.

ಕೊಂಡು ತರುವುದಾದರೆ ಜೇನುತುಪ್ಪ, ಒಣ ಮೂಲಿಕೆ ಚಹಾ, ಮರದ ಸೌಟು ತನ್ನಿ. ಹಗುರ, ಒಡೆಯುವುದಿಲ್ಲ. ಜೇನು, ಜಾಮು ದೊಡ್ಡ ಚೀಲಕ್ಕೆ ಹಾಕಬೇಕು, ಕೈಚೀಲದಲ್ಲಿ ಬಿಡದೆ ಹೋಗಬಹುದು. ಪಿಂಗಾಣಿ ಬಟ್ಟಲು ಕೊಂಡರೆ ಸೀರೆಗಳ ನಡುವೆ ಸುತ್ತಿಡಿ, ನಮ್ಮವು ಒಂದೂ ಬಿರುಕು ಬಿಡದೆ ಮೈಸೂರು ತಲುಪಿದವು. ತಿಂಗಳು ಆರಿಸುವ ಅವಕಾಶ ನಿಮಗಿದ್ದರೆ ಏಪ್ರಿಲ್ ಕೊನೆಯಿಂದ ಜೂನ್ ಕೊನೆಯವರೆಗೆ ಇಟ್ಟುಕೊಳ್ಳಿ. ಡುಲ್ಟ್ ಜಾತ್ರೆ, ಶ್ಪಾರ್ಗೆಲ್, ಸ್ಟ್ರಾಬೆರಿ ಮೂರೂ ಸಿಗುತ್ತವೆ. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ತಮ್ಮ ಕೆಲಸ ಮುಗಿಸಿ ಬಂದ ಮೇಲೂ ಎಲ್ಲರೂ ಒಟ್ಟಿಗೆ ಹೊರಗೆ ಹೋಗಬಹುದು. ಮಳೆ ಯಾವಾಗ ಬೇಕಾದರೂ ಬರುತ್ತದೆ, ಕೊಡೆಯೂ ಒಂದು ತೆಳು ಸ್ವೆಟರೂ ಚೀಲದಲ್ಲಿರಲಿ.